ಮೇಣ ಬೀಳದ ತಟ್ಟೆ: ಗೊಂಚಲು ದೀಪ ಮನೆಯೊಳಗೆ ಬಂದ ಕಥೆ

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಒಂದು ದೀಪದಂಗಡಿಯಲ್ಲಿ ಕತ್ತು ನೋಯುವವರೆಗೆ ತಲೆಯೆತ್ತಿ ನಿಂತಿದ್ದೆ. ತಮ್ಮನ ಹೊಸ ಮನೆಗೆ ಒಂದು ಶಾಂಡೆಲಿಯರ್ ಆರಿಸಬೇಕಿತ್ತು. ಅವನ ಕಣ್ಣು ಬಿದ್ದಿದ್ದ ದೀಪಕ್ಕೆ ಹಿತ್ತಾಳೆ ಬಣ್ಣದ ಎಂಟು ತೋಳುಗಳು. ಪ್ರತಿ ತೋಳಿನ ತುದಿಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಕೊಳವೆ, ಕೊಳವೆಯ ಮೈಮೇಲೆ ಕರಗಿ ಇಳಿದ ಮೇಣದಂತೆ ಅಚ್ಚು ಹಾಕಿದ ಹನಿಗಳು, ನೆತ್ತಿಯಲ್ಲಿ ಜ್ವಾಲೆಯ ಆಕಾರದ ಎಲ್‌ಇಡಿ ಬಲ್ಬು. ಕೊಳವೆಯ ಬುಡಕ್ಕೆ ಅಂಗೈಯಗಲದ ಗಾಜಿನ ತಟ್ಟೆ.

“ಈ ತಟ್ಟೆ ಯಾಕಪ್ಪಾ?” ಎಂದು ಕೇಳಿದೆ.

ಅಂಗಡಿಯ ಹುಡುಗ ಒಂದು ಕ್ಷಣ ಯೋಚಿಸಿ, “ಡಿಸೈನ್ ಸರ್, ಎಲ್ಲದರಲ್ಲೂ ಬರುತ್ತದೆ” ಎಂದ.

ಎಲ್ಲದರಲ್ಲೂ ಬರುತ್ತದೆ ಎನ್ನುವುದು ನಿಜ. ಆದರೆ ಅದು ಡಿಸೈನಿಗಾಗಿ ಹುಟ್ಟಿದ್ದಲ್ಲ. ಕೆಳಗೆ ಕುಳಿತವರ ನೆತ್ತಿಯ ಮೇಲೆ ಬಿಸಿ ಮೇಣ ಬೀಳದಿರಲಿ ಎಂದು ಹಿಡಿದ ತಟ್ಟೆ ಅದು. ಫ್ರೆಂಚರು ಅದನ್ನು ‘ಬೊಬೆಶ್’ ಎನ್ನುತ್ತಾರೆ. ಗೊಂಚಲು ದೀಪದ ಒಂದೊಂದು ಅಂಗವನ್ನೂ ಹೀಗೆ ಕೆದಕಿದರೆ, ಶೃಂಗಾರವೆಂದು ನಾವು ಅಂದುಕೊಂಡದ್ದರ ಹಿಂದೆ ಬೆಂಕಿಯ ಒಂದು ಕಿರಿಕಿರಿ ಸಿಗುತ್ತದೆ. ಬೆಂಕಿ ಹೋಗಿ ಶತಮಾನ ಕಳೆದರೂ ಆ ಅಂಗಗಳು ಮಾತ್ರ ಹಾಗೆಯೇ ಉಳಿದಿವೆ.

ಹೆಸರಿನಲ್ಲೇ ಬತ್ತಿ ಇದೆ. ಫ್ರೆಂಚಿನಲ್ಲಿ ‘ಶಾಂಡೆಲ್’ ಎಂದರೆ ಮೇಣದ ಬತ್ತಿ, ಅದರ ಬೇರು ಲ್ಯಾಟಿನ್ನಿನ ‘ಕ್ಯಾಂಡೆಲಾ’. ಬೆಳಕಿನ ತೀವ್ರತೆಯನ್ನು ಅಳೆಯುವ ಮಾನಕ್ಕೆ ವಿಜ್ಞಾನದಲ್ಲಿ ಇಂದಿಗೂ ಇದೇ ಹೆಸರು. ತಮಾಷೆಯೆಂದರೆ ಈಗಿನ ಫ್ರೆಂಚರಿಗೆ ‘ಶಾಂಡೆಲಿಯೆ’ ಎಂದರೆ ಮೇಜಿನ ಮೇಲಿಡುವ ಬತ್ತಿಯ ಕಂಬ. ಚಾವಣಿಯಿಂದ ತೂಗುವುದನ್ನು ಅವರು ‘ಲುಸ್ತ್ರ್’ ಎಂದು ಕರೆಯುತ್ತಾರೆ. ಹಿಂದಿಯಲ್ಲಿ ಅದು ಝೂಮರ್, ಮರಾಠಿಯಲ್ಲಿ ಝುಂಬರ್. ನನಗೆ ಗೊಂಚಲು ದೀಪ ಎನ್ನುವುದೇ ಇಷ್ಟ. ದ್ರಾಕ್ಷಿಯ ಗೊಂಚಲಿನಂತೆ ಒಂದೇ ತೊಟ್ಟಿಗೆ ಹತ್ತಾರು ಬೆಳಕು.

ಹತ್ತಾರು ಏಕೆ ಬೇಕಿತ್ತು? ಒಂದು ಸಣ್ಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಂದು ಮೇಣದ ಬತ್ತಿ ಸುತ್ತಲೂ ಚೆಲ್ಲುವ ಬೆಳಕು ಸುಮಾರು 12 ಲೂಮೆನ್. ನಮ್ಮ ಅಡುಗೆಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 800ರಿಂದ 900 ಲೂಮೆನ್ ಎಂದು ಬರೆದಿರುತ್ತದೆ. ಅಂದರೆ ನಾವು ಲೆಕ್ಕಕ್ಕೇ ಇಡದ ಒಂದು ಬಲ್ಬು ಎಪ್ಪತ್ತರ ಆಸುಪಾಸು ಬತ್ತಿಗಳಿಗೆ ಸಮ. ಹದಿನೆಂಟನೆಯ ಶತಮಾನದ ಶ್ರೀಮಂತನೊಬ್ಬ ನೆಂಟರಿಷ್ಟರನ್ನು ಕರೆದು ಇಪ್ಪತ್ತನಾಲ್ಕು ಬತ್ತಿಯ ದೀಪ ಹಚ್ಚಿಸಿ ಬೀಗುತ್ತಿದ್ದನಲ್ಲ, ಆ ವೈಭವದಲ್ಲಿ ಇದ್ದುದು ನಮ್ಮ ಅಡುಗೆಮನೆಯ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ.

ಆ ಬತ್ತಿಗಳಲ್ಲೂ ಮೇಲು ಕೀಳು ಇತ್ತು. ಯುರೋಪಿನ ಸಾಮಾನ್ಯ ಮನೆಯಲ್ಲಿ ಉರಿಯುತ್ತಿದ್ದುದು ದನ ಕುರಿಗಳ ಕೊಬ್ಬಿನ ಬತ್ತಿ. ವಾಸನೆ, ಹೊಗೆ, ಕರಗಿ ಹರಿಯುವ ಜಿಡ್ಡು. ಜೊತೆಗೆ ಬತ್ತಿಯ ಸುಟ್ಟ ತುದಿಯನ್ನು ಆಗಾಗ ಕತ್ತರಿಸದಿದ್ದರೆ ಬೆಳಕು ಮಂಕು. ಕೈಗೆಟುಕದ ಎತ್ತರದಲ್ಲಿ ಅಂಥ ಬತ್ತಿಯನ್ನು ತೂಗುಹಾಕಿದರೆ ಕತ್ತರಿಸುವವರು ಯಾರು? ಆದ್ದರಿಂದ ಒಳ್ಳೆಯ ಮನೆಯ ಗೊಂಚಲಿಗೆ ಜೇನುಮೇಣವೇ ಆಗಬೇಕು, ಅದು ದುಬಾರಿ. ಇದು ಸಾಲದೆಂಬಂತೆ ಬ್ರಿಟನ್ನಿನಲ್ಲಿ 1709ರಿಂದ 1831ರವರೆಗೆ ಬತ್ತಿಗೇ ತೆರಿಗೆ ಇತ್ತು. ಹಣವಂತರ ಮನೆಗಳಲ್ಲೂ ಗೊಂಚಲು ಹಚ್ಚುತ್ತಿದ್ದುದು ಅತಿಥಿಗಳು ಬಂದ ದಿನ ಮಾತ್ರ. ಉಳಿದ ದಿನಗಳಲ್ಲಿ ಅದಕ್ಕೆ ಬಟ್ಟೆಯ ಚೀಲ ತೊಡಿಸಿ ಧೂಳಿನಿಂದ ಕಾಪಾಡುತ್ತಿದ್ದರು. ಮನೆಯವರು ಒಂದೆರಡು ಬತ್ತಿಯ ಸುತ್ತ ಕುಳಿತು ಸಂಜೆ ಕಳೆಯುತ್ತಿದ್ದರು.

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವು ಮನುಷ್ಯರ ಬಗ್ಗೆ ಆಡುತ್ತೇವೆ. ಗೊಂಚಲು ದೀಪ ಮಾಡುವವರಿಗೆ ಅದು ಅಕ್ಷರಶಃ ಎದುರಾದ ಸಮಸ್ಯೆ. ಜ್ವಾಲೆ ಯಾವಾಗಲೂ ಮೇಲ್ಮುಖ. ಬತ್ತಿ, ತಟ್ಟೆ, ತೋಳು ಎಲ್ಲವೂ ಅದರ ಕೆಳಗೇ ಇರುವುದರಿಂದ ಬೆಳಕು ಬೇಕಾದ ಕಡೆಗೇ ನೆರಳು. ಈ ನೆರಳನ್ನು ಓಡಿಸುವುದು ಹೇಗೆ ಎಂಬುದಕ್ಕೆ ಒಂದೊಂದು ಕಾಲ, ಒಂದೊಂದು ಊರು ಕೊಟ್ಟ ಉತ್ತರವೇ ಈ ವಸ್ತುವಿನ ಚರಿತ್ರೆ.

ಮಧ್ಯಯುಗದ ಉತ್ತರ ಬಡದು: ಶಿಲುಬೆಯಂತೆ ಜೋಡಿಸಿದ ಎರಡು ಮರದ ಪಟ್ಟಿ, ತುದಿಗಳಲ್ಲಿ ಬತ್ತಿ ಚುಚ್ಚಲು ಕಬ್ಬಿಣದ ಮೊಳೆ, ಇಳಿಸಿ ಏರಿಸಲು ಹಗ್ಗ. ಚರ್ಚುಗಳಲ್ಲಿ ಅದು ಬೃಹತ್ ಲೋಹದ ಬಳೆಯಾಯಿತು. ಜರ್ಮನಿಯ ಆಖೆನ್‌ನಲ್ಲಿ ಹನ್ನೆರಡನೆಯ ಶತಮಾನದ ಅಂಥದೊಂದು ಬಳೆ ಇನ್ನೂ ತೂಗುತ್ತಿದೆ. ಮನೆಯೊಳಗಿನ ಗೊಂಚಲು ದೀಪವನ್ನು ಕಣ್ಣಾರೆ ಕಾಣಬೇಕಾದರೆ 1434ಕ್ಕೆ ಬರಬೇಕು. ಯಾನ್ ವಾನ್ ಐಕ್ ಆ ವರ್ಷ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬ್ರೂಜ್ ನಗರದಲ್ಲಿ ನೆಲೆಸಿದ್ದ ವರ್ತಕನ ಕೋಣೆ. ಮೇಲೆ ಆರು ತೋಳಿನ ಹಿತ್ತಾಳೆ ದೀಪ. ಕಿಟಕಿಯಿಂದ ಹಗಲ ಬೆಳಕು ಬರುತ್ತಿದ್ದರೂ ಒಂದೇ ಒಂದು ಬತ್ತಿ ಉರಿಯುತ್ತಿದೆ. ಅದು ಏಕೆ ಉರಿಯುತ್ತಿದೆ ಎಂದು ಕಲಾ ಪಂಡಿತರು ಇಂದಿಗೂ ಜಗಳವಾಡುತ್ತಾರೆ. ನನಗೆ ಆ ಹಿತ್ತಾಳೆಯ ಹೊಳಪೇ ಮುಖ್ಯವಾಗಿ ಕಾಣುತ್ತದೆ: ಅರಮನೆಯದಲ್ಲ, ವ್ಯಾಪಾರಿಯ ಮನೆಯದು, ಹಾಗೂ ತಿಕ್ಕಿ ತಿಕ್ಕಿ ಬೆಳಗಿದ್ದು.

ಹದಿನೇಳನೆಯ ಶತಮಾನದ ಡಚ್ಚರು ಇದೇ ಹಿತ್ತಾಳೆಗೆ ಒಂದು ಜಾಣತನ ಸೇರಿಸಿದರು. ನಡುಗಂಬದ ಬುಡದಲ್ಲಿ ದೊಡ್ಡದೊಂದು ನುಣುಪಾದ ಗುಂಡು. ಅದರ ಭಾರದಿಂದ ದೀಪ ಓಲಾಡದೆ ನೆಟ್ಟಗೆ ನಿಲ್ಲುತ್ತದೆ. ಅದರ ಉಬ್ಬಿದ ಮೈ ಮೇಲಿನ ಜ್ವಾಲೆಗಳನ್ನೆಲ್ಲ ಹಿಡಿದು ಸುತ್ತ ಎಸೆಯುತ್ತದೆ. ಬುಡದ ಕತ್ತಲೆಯಲ್ಲಿ ಒಂದು ಕನ್ನಡಿ ಇಟ್ಟಂತೆ.

ನಿಜವಾದ ತಿರುವು ಬಂದದ್ದು ಗಾಜಿನಿಂದ. ಗಾಜಿಗಿಂತ ಮೊದಲು ಫ್ರಾನ್ಸಿನ ಅರಮನೆಗಳಲ್ಲಿ ನಿಜವಾದ ಸ್ಫಟಿಕಶಿಲೆಯನ್ನು ಕಡೆದು ತೂಗುಬಿಡುತ್ತಿದ್ದರು. ಅದರ ಬೆಲೆ ಕೇಳಿದರೆ ದೀಪ ಹಚ್ಚುವ ಆಸೆಯೇ ಆರುವಂತಿತ್ತು. 1674ರಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಹೊಸ ಬಗೆಯ ಗಾಜಿಗೆ ಪೇಟೆಂಟ್ ಪಡೆದ. ಅವನ ಕುಲುಮೆಯಲ್ಲಿ ಮುಂದೆ ಕುದುರಿದ ಗುಟ್ಟು ಸೀಸದ ಆಕ್ಸೈಡ್. ಸೀಸ ಬೆರೆತ ಗಾಜು ತೂಕದ್ದು, ತಿಳಿಯಾದದ್ದು. ಮೆದುವಾದ್ದರಿಂದ ಸಾಣೆಗೆ ಸುಲಭವಾಗಿ ಬಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳಹೊಕ್ಕ ಬೆಳಕನ್ನು ಅದು ಹೆಚ್ಚು ಬಾಗಿಸುತ್ತದೆ. ಸಾಧಾರಣ ಗಾಜಿನ ವಕ್ರೀಭವನಾಂಕ 1.5ರ ಹತ್ತಿರವಾದರೆ ಸೀಸದ ಗಾಜಿನದು 1.6ರತ್ತ ಏರುತ್ತದೆ. ಅಂಗಡಿಯವರು ಇದನ್ನೇ ‘ಕ್ರಿಸ್ಟಲ್’ ಎನ್ನುವುದು. ಯಾವ ಗಾಜೂ ಸ್ಫಟಿಕವಲ್ಲ ಎಂದು ರಸಾಯನಶಾಸ್ತ್ರದ ಮೇಷ್ಟರು ಎಷ್ಟು ಹೇಳಿದರೂ ವ್ಯಾಪಾರದ ಕಿವಿಗೆ ಅದು ಬೀಳುವುದಿಲ್ಲ.

ನನ್ನ ಮೇಜಿನ ಮೇಲೆ ಗುಜರಿ ಅಂಗಡಿಯಿಂದ ತಂದ ಹಳೆಯ ಗಾಜಿನ ತೊಟ್ಟು ಒಂದಿದೆ. ಬಾದಾಮಿ ಆಕಾರ, ಹೆಬ್ಬೆರಳಿಗಿಂತ ತುಸು ಉದ್ದ. ತಲೆಯ ತೂತಿನಲ್ಲಿ ಕಿಲುಬು ಹಿಡಿದ ಹಿತ್ತಾಳೆ ತಂತಿ, ಒಂದು ಅಂಚಿನಲ್ಲಿ ಎದ್ದುಹೋದ ಚಕ್ಕೆ. ಕೈಯಲ್ಲಿಟ್ಟರೆ ಅಂದಾಜಿಗಿಂತ ಭಾರ, ಅಂದಾಜಿಗಿಂತ ತಣ್ಣಗೆ. ಬೆಳಗಿನ ಬಿಸಿಲಿಗೆ ಹಿಡಿದರೆ ಎದುರಿನ ಗೋಡೆಯ ಮೇಲೆ ಹತ್ತು ಹನ್ನೆರಡು ಕಾಮನಬಿಲ್ಲಿನ ತುಣುಕುಗಳು ಓಡಾಡುತ್ತವೆ. ಅದನ್ನೇ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಏನೂ ಇಲ್ಲ. ಕಲ್ಲುಸಕ್ಕರೆಯ ಹರಳಿನಂತೆ ಸುಮ್ಮನೆ ಕುಳಿತಿರುತ್ತದೆ.

ಗಾಜು ಅದೇ, ಬದಲಾದದ್ದು ಬೆಳಕಿನ ಮೂಲದ ಗಾತ್ರ. ಸೂರ್ಯನಾಗಲಿ ಬತ್ತಿಯ ಜ್ವಾಲೆಯಾಗಲಿ ನಮ್ಮ ಕಣ್ಣಿಗೆ ಒಂದು ಸಣ್ಣ ಚುಕ್ಕೆ. ತೊಟ್ಟಿನ ಪ್ರತಿ ಮುಖವೂ ಆ ಚುಕ್ಕೆಯನ್ನು ಬೇರೆ ಬೇರೆ ದಿಕ್ಕಿಗೆ ಬಾಗಿಸಿ, ಬಣ್ಣಗಳನ್ನು ಬಿಡಿಸಿ ಕಳುಹಿಸುತ್ತದೆ. ನಾವು ತಲೆ ಒಂದಿಷ್ಟು ಆಡಿಸಿದರೆ ಒಂದು ಮುಖ ಆರಿ ಇನ್ನೊಂದು ಹೊತ್ತುತ್ತದೆ. ಜ್ವಾಲೆಯೇ ನಡುಗುವಾಗ ಅದೂ ಬೇಕಿಲ್ಲ, ಕುಳಿತಲ್ಲೇ ಮಿಣಮಿಣ. ಟ್ಯೂಬ್‌ಲೈಟು ಮೊಳಗಟ್ಟಲೆ ಉದ್ದದ ಮೂಲ. ಅದರ ಒಂದು ತುಣುಕಿನ ಕೆಂಪು ಇನ್ನೊಂದು ತುಣುಕಿನ ನೀಲಿಯ ಮೇಲೆ ಬಿದ್ದು ಎಲ್ಲ ಕಲಸಿ ಬಿಳುಪಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಗಾಜಿನ ಗೊಂಚಲು ತಂದು, ಅದಕ್ಕೆ ಹಾಲುಬಣ್ಣದ ಬಲ್ಬು ಸಿಕ್ಕಿಸಿ, ಅಂಗಡಿಯಲ್ಲಿದ್ದ ಹೊಳಪು ಮನೆಯಲ್ಲಿಲ್ಲವಲ್ಲ ಎಂದು ಕೊರಗುವವರನ್ನು ನಾನು ಬಲ್ಲೆ. ತಿಳಿಗಾಜಿನೊಳಗೆ ತಂತಿ ಕಾಣುವಂಥ ಬಲ್ಬು ಹಾಕಿದರೆ ಸತ್ತ ಗಾಜು ಎದ್ದು ಕೂರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇದೆ. ಗಾಜಿನ ತೊಟ್ಟುಗಳು ಬೆಳಕನ್ನು ಹೆಚ್ಚಿಸುತ್ತವೆ ಎನ್ನುತ್ತಾರೆ. ಹೆಚ್ಚಿಸುವುದಿಲ್ಲ, ಹಂಚುತ್ತವೆ, ಹಂಚುವಾಗ ಸ್ವಲ್ಪ ನುಂಗುತ್ತವೆ ಕೂಡ. ಆದರೆ ಇಪ್ಪತ್ತನಾಲ್ಕು ಜ್ವಾಲೆಗಳು ಇನ್ನೂರು ಮುನ್ನೂರು ಕಡೆ ಮಿನುಗಿದಾಗ ಕಣ್ಣು ಕೋಣೆಯೇ ಬೆಳಗಿತು ಎಂದು ನಂಬುತ್ತದೆ. 1684ರಲ್ಲಿ ಮುಗಿದ ವರ್ಸೈಲ್ಸ್ ಅರಮನೆಯ ಕನ್ನಡಿ ಹಜಾರ ಇದೇ ಉಪಾಯದ ದೊಡ್ಡ ರೂಪ: 73 ಮೀಟರ್ ಉದ್ದ, ಕಿಟಕಿಗಳ ಎದುರು 357 ಕನ್ನಡಿಗಳು.

ಸೀಸದ ಗಾಜು ಇಂಗ್ಲೆಂಡಿನದಾದರೆ ವೆನಿಸ್ ನಗರದ ಮುರಾನೊ ದ್ವೀಪದವರು ತಮ್ಮದೇ ದಾರಿ ಹಿಡಿದರು. ಅವರ ಗಾಜು ಸೋಡಾ ಬೆರೆಸಿದ್ದು, ತೆಳು. ಸಾಣೆಗೆ ಕೊಟ್ಟರೆ ಒಡೆಯುತ್ತದೆ. ಹಾಗಾಗಿ ಬಿಸಿಯಿರುವಾಗಲೇ ಊದಿ, ಚಿಮ್ಮಟದಲ್ಲಿ ಎಳೆದು ಹೂವು, ಎಲೆ, ಬಳ್ಳಿ ಮಾಡಿದರು. ಹದಿನೆಂಟನೆಯ ಶತಮಾನದ ಜುಸೆಪ್ಪೆ ಬ್ರಿಯಾತಿಯ ಕೈಯಲ್ಲಿ ದೀಪವೆಂಬುದು ತಲೆಕೆಳಗಾದ ಹೂಗೊಂಚಲೇ ಆಯಿತು. ಇತ್ತ ಬೊಹೆಮಿಯಾದಲ್ಲಿ, ಎಂದರೆ ಇಂದಿನ ಝೆಕ್ ದೇಶದಲ್ಲಿ, 1724ರ ಹೊತ್ತಿಗೆ ಕಾಮೆನಿಟ್ಸ್‌ಕಿ ಶೆನೊವ್ ಊರಿನ ಆಸುಪಾಸು ಗೊಂಚಲು ದೀಪದ ಕಸುಬು ಬೇರೂರಿತು. ಕಬ್ಬಿಣದ ಚಪ್ಪಟೆ ತೋಳಿಗೆ ಗಾಜಿನ ಪಟ್ಟಿ ಹೊದಿಸಿ, ನಡುನಡುವೆ ಗಾಜಿನ ಹೂ ಕೂರಿಸುವ ಮಾದರಿಗೆ ಮಾರಿಯಾ ತೆರೇಸಾ ರಾಣಿಯ ಹೆಸರು ನಿಂತಿದೆ. ಅವಳು 1743ರಲ್ಲಿ ಪ್ರಾಗ್‌ನಲ್ಲಿ ಬೊಹೆಮಿಯಾದ ಕಿರೀಟ ಧರಿಸಿದಳು. ನಮ್ಮ ಮದುವೆ ಛತ್ರಗಳಲ್ಲಿ ತೂಗುವ ಎಷ್ಟೋ ದೀಪಗಳು ಈ ಮಾದರಿಯ ಮೊಮ್ಮಕ್ಕಳೇ.

ಗಾಜಿನ ಆಕಾರವನ್ನು ತಿದ್ದಿದವರಲ್ಲಿ ತೆರಿಗೆಯವರೂ ಸೇರಿದ್ದಾರೆ. ಬ್ರಿಟನ್ 1745ರಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಹೇರಿತು. ಭಾರವೇ ಗುಣವಾಗಿದ್ದ ಸೀಸದ ಗಾಜಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಐರ್ಲೆಂಡಿಗೆ ಆ ಸುಂಕ ಇರಲಿಲ್ಲ; 1783ರಲ್ಲಿ ವಾಟರ್‌ಫರ್ಡ್‌ನಲ್ಲಿ ಗಾಜಿನ ಕಾರ್ಖಾನೆ ತಲೆಯೆತ್ತಿತು. ಇಂಗ್ಲೆಂಡಿನಲ್ಲಿ ಉದ್ದನೆಯ ಗಾಜಿನ ತೋಳುಗಳು ಹಿಂದೆ ಸರಿದು, ಸಣ್ಣ ಸಣ್ಣ ಮಣಿಗಳನ್ನು ಸರವಾಗಿ ಪೋಣಿಸಿ ಮೇಲೆ ಗುಡಾರದಂತೆ, ಕೆಳಗೆ ಚೀಲದಂತೆ ಇಳಿಬಿಡುವ ಹೊಸ ರೂಪ ಬಂತು. ಸುಂಕವೊಂದೇ ಅದಕ್ಕೆ ಕಾರಣ ಎನ್ನಲಾರೆ, ರುಚಿಯೂ ಬದಲಾಗಿತ್ತು. ಸುಂಕ ರದ್ದಾದದ್ದು 1845ರಲ್ಲಿ.

ಭಾರದ ವಿಷಯ ಬಂದಾಗ ಬಾತ್ ನಗರದ ಪ್ರಸಂಗ ಹೇಳದೆ ಮುಂದೆ ಹೋಗಲಾಗದು. 1771ರಲ್ಲಿ ಅಲ್ಲಿ ಹೊಸದಾಗಿ ತೆರೆದ ನೃತ್ಯಶಾಲೆಯ ದೀಪವೊಂದರ ಗಾಜಿನ ತೋಳು ಕಳಚಿ ಬಿತ್ತು. ಕೆಳಗಿದ್ದ ಚಿತ್ರಕಾರ ಥಾಮಸ್ ಗೇನ್ಸ್‌ಬರೊ ಕೂದಲೆಳೆಯಲ್ಲಿ ಪಾರಾದ. ಆ ದೀಪಗಳನ್ನು ಇಳಿಸಿ ವಿಲಿಯಂ ಪಾರ್ಕರ್‌ನಿಂದ ಹೊಸವನ್ನು ಮಾಡಿಸಿದರು, ಅವು ಇಂದಿಗೂ ಅಲ್ಲಿವೆ.

ಬತ್ತಿಯ ಕಾಲವನ್ನು ಅಲುಗಿಸಿದ್ದು ಅನಿಲ. 1792ರಲ್ಲಿ ವಿಲಿಯಂ ಮರ್ಡಾಕ್ ಕಾರ್ನ್‌ವಾಲ್‌ನ ರೆಡ್ರುತ್‌ನಲ್ಲಿದ್ದ ತನ್ನ ಮನೆಯನ್ನು ಕಲ್ಲಿದ್ದಲ ಅನಿಲದಿಂದ ಬೆಳಗಿಸಿದ. ಮುಂದಿನ ಶತಮಾನದ ನಡುವಿಗೆ ಅನುಕೂಲವಂತರ ಮನೆಗಳಲ್ಲಿ ‘ಗ್ಯಾಸೊಲಿಯರ್’ ತೂಗತೊಡಗಿತು. ನೋಡಲು ಹಳೆಯ ಗೊಂಚಲೇ, ಆದರೆ ತೋಳುಗಳೆಲ್ಲ ಟೊಳ್ಳು ಕೊಳವೆ. ಚಾವಣಿಯ ಕೊಳವೆಗೆ ಅಂಟಿಕೊಂಡಿದ್ದರಿಂದ ಹಗ್ಗ ಬಿಟ್ಟು ಇಳಿಸುವಂತಿಲ್ಲ. ಇಳಿಸಲೇಬೇಕೆಂದರೆ ಕೊಳವೆಯೊಳಗೆ ಕೊಳವೆ ಜಾರಿಸಿ, ನಡುವೆ ಅನಿಲ ಸೋರದಂತೆ ನೀರು ತುಂಬಬೇಕು. ನೀರು ಆರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಬೆಳಕು ಹೆಚ್ಚಾಯಿತು; ಅದರೊಂದಿಗೆ ಸೆಕೆ, ಕಮಟು, ಚಾವಣಿಯ ಮೇಲೆ ಮಸಿ ಕೂಡ ಹೆಚ್ಚಾದವು.

ವಿದ್ಯುತ್ತು ಬಂದಾಗ ಮೊದಲ ಬಾರಿಗೆ ಬೆಳಕಿನ ಮುಖ ಕೆಳಗೆ ತಿರುಗಿತು. ಎಡಿಸನ್ ಮತ್ತು ಜೋಸೆಫ್ ಸ್ವಾನ್ ಅವರ ಬಲ್ಬುಗಳು ರೂಪುಗೊಂಡ ಬೆನ್ನಿಗೇ, 1880ರಲ್ಲಿ, ಉತ್ತರ ಇಂಗ್ಲೆಂಡಿನ ಕ್ರ್ಯಾಗ್‌ಸೈಡ್ ಎಂಬ ಮನೆಯಲ್ಲಿ ಜಲವಿದ್ಯುತ್ತಿನಿಂದ ಸ್ವಾನ್ ಬಲ್ಬುಗಳು ಉರಿದವು. ಬಲ್ಬಿಗೆ ಮೇಲೂ ಒಂದೇ ಕೆಳಗೂ ಒಂದೇ. ಹೊಸ ವಿದ್ಯುತ್ತನ್ನು ನಂಬದವರಿಗಾಗಿ ಎರಡೂ ಇರುವ ದೀಪಗಳು ಕೆಲವು ಕಾಲ ಬಂದವು: ಮೇಲ್ಮುಖದ ತೋಳುಗಳಿಗೆ ಅನಿಲ, ಕೆಳಮುಖದವಕ್ಕೆ ಬಲ್ಬು. ದೀಪದ ಬುಡದ ಕತ್ತಲೆ ಆ ಹೊತ್ತಿಗೆ ತೀರಿಹೋಗಿತ್ತು. ಅಲ್ಲಿಗೆ ಗೊಂಚಲಿನ ಕೆಲಸವೂ ಮುಗಿಯಬೇಕಿತ್ತು. ಆದದ್ದು ಉಲ್ಟಾ. 1892ರಲ್ಲಿ ಬೊಹೆಮಿಯಾ ಮೂಲದ ಡ್ಯಾನಿಯೆಲ್ ಸ್ವರೋವ್‌ಸ್ಕಿ ಹರಳು ಸಾಣೆಹಿಡಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕೈಕೆಲಸದ ಹೊಳಪು ಅಗ್ಗವಾಗುವ ದಾರಿ ತೆರೆಯಿತು. ಮೇಣದ ಖರ್ಚಿಲ್ಲ, ಹಚ್ಚುವ ಆಳು ಬೇಕಿಲ್ಲ, ಒಂದು ಗುಂಡಿ ಒತ್ತಿದರೆ ಮುಗಿಯಿತು. ಮೊದಲು ಅರಮನೆಗೆ ಬೇಕಿದ್ದುದು ಈಗ ಎಲ್ಲರಿಗೂ ಬೇಕಾಯಿತು. ಬತ್ತಿ ಹೋದ ಮೇಲೆ ಬತ್ತಿಯ ವೇಷ ಬಂತು.

ಭಾರತಕ್ಕೆ ಬಂದ ಗೊಂಚಲಿಗೆ ಎದುರಾದ ಶತ್ರು ಬೇರೆ: ಗಾಳಿ. ಕಂಪನಿ ಕಾಲದ ಬಂಗಲೆಗಳಲ್ಲಿ ಚಾವಣಿಯ ಬಟ್ಟೆಯ ಪಂಖವನ್ನು ಆಳು ಹಗ್ಗ ಹಿಡಿದು ಎಳೆಯುತ್ತಿದ್ದ. ಬರಿಯ ಬತ್ತಿ ಅದರ ಕೆಳಗೆ ಒಂದು ಗಳಿಗೆ ನಿಲ್ಲದು. ಬೇಸಗೆಯ ಸೆಕೆಗೆ ಮೇಣದ ಬತ್ತಿ ತಾನೇ ಸೊಂಟ ಬಗ್ಗಿಸುತ್ತದೆ. ಹಾಗಾಗಿ ಇಲ್ಲಿನ ದೀಪಗಳಿಗೆ ಜ್ವಾಲೆಯ ಸುತ್ತ ಉದ್ದನೆಯ ಗಾಜಿನ ಮರೆ ಬಂತು. ಮೇಣದ ಬದಲು ಗಾಜಿನ ಬಟ್ಟಲಲ್ಲಿ ತೆಂಗಿನೆಣ್ಣೆ ಉರಿಸುವುದೂ ಇತ್ತು. ಬರ್ಮಿಂಗ್‌ಹ್ಯಾಮಿನ ಎಫ್. ಅಂಡ್ ಸಿ. ಆಸ್ಲರ್ ಸಂಸ್ಥೆ 1840ರ ದಶಕದಲ್ಲೇ ಕಲ್ಕತ್ತದಲ್ಲಿ ಮಳಿಗೆ ತೆರೆಯಿತು. ಮಹಾರಾಜರು ಅದರ ಗಿರಾಕಿಗಳು. ಉದಯಪುರದ ಮಹಾರಾಣಾ ಸಜ್ಜನ್ ಸಿಂಗ್ 1877ರಲ್ಲಿ ದೀಪಗಳಷ್ಟೇ ಅಲ್ಲ, ಗಾಜಿನ ಕುರ್ಚಿ, ಮಂಚಗಳನ್ನೂ ತರಿಸಲು ಹೇಳಿದರು. 1884ರಲ್ಲಿ ಅವರು ತೀರಿಕೊಂಡರು, ಪೆಟ್ಟಿಗೆಗಳು ದಶಕಗಟ್ಟಲೆ ಬಿಚ್ಚದೆ ಬಿದ್ದಿದ್ದವು. ಗ್ವಾಲಿಯರಿನ ಜಯವಿಲಾಸ ಅರಮನೆಯಲ್ಲಿ ತಲಾ ಸುಮಾರು ಮೂರೂವರೆ ಟನ್ನಿನ ಎರಡು ದೀಪಗಳಿವೆ. ಅವನ್ನು ತೂಗುಬಿಡುವ ಮೊದಲು ಚಾವಣಿಯ ತಾಕತ್ತು ನೋಡಲು ಆನೆಗಳನ್ನು ಹತ್ತಿಸಿದ್ದರಂತೆ. ಎಷ್ಟು ಆನೆ ಎಂಬುದು ಹೇಳುವವರ ಮೇಲೆ ಹೋಗುತ್ತದೆ. ಹೈದರಾಬಾದಿನ ಚೌಮಹಲ್ಲಾ ಅರಮನೆಯ ದರ್ಬಾರಿನಲ್ಲಿ 19 ದೀಪಗಳು ತೂಗುತ್ತವೆ.

ನಮ್ಮ ಮೈಸೂರಿನದು ಸ್ವಲ್ಪ ಬೇರೆ ಕಥೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ ಮುಗಿದದ್ದು 1912ರಲ್ಲಿ. ನಡುವೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂದಿತ್ತು. ಅರಮನೆ ಕಟ್ಟಿ ಮುಗಿಯುವ ಮೊದಲೇ ಊರಿಗೆ ಕರೆಂಟು. ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿಯ ಕೆಳಗೆ ನಿಂತು ಮೇಲೆ ನೋಡುವಾಗ ಇದು ನೆನಪಿರಲಿ.

ಸಾಮಾನ್ಯರ ಮನೆಗೆ ಇದು ಬರದಿದ್ದುದಕ್ಕೆ ಬಡತನವೊಂದೇ ಕಾರಣವಲ್ಲ. ತೊಟ್ಟಿಮನೆಯನ್ನು ನೆನೆಯಿರಿ: ಮನೆಯ ನಟ್ಟನಡುವೆ ಇರುವುದು ಆಕಾಶ. ತೂಗುಹಾಕುವುದಾದರೂ ಯಾವುದಕ್ಕೆ? ಗೊಂಚಲು ದೀಪ ಬೇಡುವುದು ನಡುವಿನಲ್ಲಿ ಚಾವಣಿಯಿರುವ ಹಜಾರವನ್ನು. ಅಂಥ ಹಜಾರ ನಮಗೆ ಬರುವ ಹೊತ್ತಿಗೆ ಅದರ ನಡುವಿನ ಕೊಕ್ಕೆಯನ್ನು ಫ್ಯಾನು ಹಿಡಿದುಕೊಂಡಿತ್ತು. ಅಂದು ಪಂಖದ ಗಾಳಿ ಬತ್ತಿಯನ್ನು ಆರಿಸಿತು, ಇಂದು ಫ್ಯಾನು ದೀಪವನ್ನೇ ಮೆಟ್ಟಿಲ ಕಡೆಗೆ ಅಟ್ಟಿದೆ. ಡ್ಯೂಪ್ಲೆಕ್ಸ್ ಮನೆಗಳ ಮೆಟ್ಟಿಲ ಮೇಲಿನ ಎರಡಂತಸ್ತಿನ ಖಾಲಿ ಜಾಗದಲ್ಲೇ ಶಾಂಡೆಲಿಯರ್ ತೂಗುವುದರ ಗುಟ್ಟು ಇಷ್ಟೆ.

ವೇಷವನ್ನು ಕಳಚಲು ಯತ್ನಿಸಿದವರೂ ಇದ್ದಾರೆ. ಡೆನ್ಮಾರ್ಕಿನ ಪೌಲ್ ಹೆನಿಂಗ್ಸನ್ 1958ರಲ್ಲಿ ಮಾಡಿದ ‘ಆರ್ಟಿಚೋಕ್’ ದೀಪದಲ್ಲಿ 72 ಲೋಹದ ಎಸಳುಗಳು. ಎಲ್ಲಿ ನಿಂತು ನೋಡಿದರೂ ಒಳಗಿನ ಬಲ್ಬು ಕಣ್ಣಿಗೆ ಕುಕ್ಕುವುದಿಲ್ಲ. ಮಿನುಗು ಬೇಕಿಲ್ಲ, ಹದವಾದ ಬೆಳಕು ಸಾಕು ಎಂಬ ಹಟ ಅವನದು. 1966ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾಕ್ಕೆ ವಿಯೆನ್ನಾದ ಲೋಬ್‌ಮೈರ್ ಸಂಸ್ಥೆ ಮಾಡಿದ ದೀಪಗಳು ಸ್ಫೋಟಿಸುವ ನಕ್ಷತ್ರಗಳಂತಿವೆ; ಜನ ಅವನ್ನು ಸ್ಪುಟ್ನಿಕ್ ಎಂದೇ ಕರೆದರು.

ತಮ್ಮನಿಗೆ ಕೊನೆಗೆ ಆ ಎಂಟು ತೋಳಿನದೇ ಬೇಕಾಯಿತು. ಮಿಸ್ತ್ರಿ ಒಳ್ಳೆಯವ: ಜಿಪ್ಸಂ ಚಾವಣಿಗೆ ಭಾರ ಕೊಡಲಾರೆ, ಸ್ಲ್ಯಾಬಿಗೇ ಕೊಕ್ಕೆ ಹೊಡೆಯುತ್ತೇನೆ ಎಂದ. ದೀಪದ ಬುಡ ಮೆಟ್ಟಿಲ ತಿರುವಿನಿಂದ ಏಳಡಿಗೆ ನಿಲ್ಲುವಂತೆ ಸರಪಳಿ ಕತ್ತರಿಸಿದ. ಹಾಲುಬಲ್ಬು ತೆಗೆಸಿ ತಿಳಿಗಾಜಿನವನ್ನು ನಾನೇ ಕೊಂಡೊಯ್ದು ಹಾಕಿದೆ. ಗೃಹಪ್ರವೇಶವಾಗಿ ಎರಡು ವಾರಕ್ಕೆ ಮೊದಲ ಮಳೆ ಬಂತು. ಮರುದಿನ ಬೆಳಿಗ್ಗೆ ನಾದಿನಿ ಫೋನ್ ಮಾಡಿ, “ಭಾವಾ, ನಿಮ್ಮ ಆ ತಟ್ಟೆಗಳ ತುಂಬ ಮಳೆಹುಳುವಿನ ರೆಕ್ಕೆ. ಏಣಿ ಹಾಕಿ ಎಂಟನ್ನೂ ಬಿಚ್ಚಿ ತೊಳೆಯುತ್ತಿದ್ದೇನೆ” ಎಂದಳು.